ಸೂನಬಾಯಿಯ ಒಕ್ಕಲುತನ

ನಿನ್ನೆ ಸಂಜೆ ಪಕ್ಕದ ಮನೆಯವರ ಮಾಳಿಗೆಯ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ಟು ಉರುಳಿಬಿತ್ತು. ಅದರಲ್ಲಿ ಅವರು ಟೊಮ್ಯಾಟೊ ಗಿಡ ಹಚ್ಚಿದ್ದರು. ಬುಡದಲ್ಲಿ ಎಷ್ಟು ದಿನದಿಂದಲೋ ನಿಂತಿದ್ದ ಕಪ್ಪು ನೀರು ಹರಿದು ನಮ್ಮ ಗೋಡೆಯ ತನಕ ಬಂತು. ಕೊಳೆತ ಬೇರಿನ ಆ ವಾಸನೆ ನಿಮಗೆ ಗೊತ್ತಿದ್ದರೆ ಮೂಗು ಮುಚ್ಚಿಕೊಂಡಿರುತ್ತಿದ್ದಿರಿ. ನಾನು ಮಾತ್ರ ಗೋಡೆಗೆ ಒರಗಿ ನಿಂತು ಎರಡು ಸಲ ಉಸಿರೆಳೆದುಕೊಂಡೆ. ಮನೆಯವರು ನೋಡಿದ್ದರೆ ಇವಳಿಗೆ ವಯಸ್ಸಾಯಿತು ಎನ್ನುತ್ತಿದ್ದರು. ನಿಮಗೆ ಗೊತ್ತಿರಲಿಕ್ಕಿಲ್ಲ, ಒಂದು ಕಾಲಕ್ಕೆ ಸೊಲ್ಲಾಪುರದ ಒಂದು ಓಣಿಯ ಅಷ್ಟೂ ಮಾಳಿಗೆಗಳ ಮೇಲೆ ಈ ವಾಸನೆ ಹಬ್ಬಿಸಿದವಳು ನಾನೇ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಲಕೋಟೆಯ ಆಚೆಯ ಮೈಂದರ್ಗಿಯಿಂದ ಆಗಷ್ಟೇ ಮದುವೆಯಾಗಿ ಬಂದಿದ್ದೆ. ಮಾವನವರದು ಸೀರೆ, ಚಾದರಗಳ ವ್ಯಾಪಾರ. ಅದೇ ವರ್ಷ ಅವರು ಅಂಗಡಿಯ ಗಾದಿಯನ್ನು ಹಿರಿಯ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಿದ್ದರು. ಕುಳಿತಿದ್ದರು ಎನ್ನುವುದು ತಪ್ಪು. ಜೀವಮಾನವೆಲ್ಲ ಗಾದಿಯ ಮೇಲೆ ಅಲುಗಾಡದೆ ಕುಳಿತ ಮನುಷ್ಯ ಮನೆಯಲ್ಲಿ ಒಂದು ಗಳಿಗೆ ಕೂಡಲಿಲ್ಲ. ಅಡುಗೆಮನೆಗೆ ಬಂದು ಒಗ್ಗರಣೆಗೆ ಇಷ್ಟೊಂದು ಸಾಸಿವೆ ಯಾಕೆ ಎಂದು ಕೇಳುವರು. ಬಾಗಿಲ ಚಿಲಕ ಬಿಚ್ಚಿ ಮತ್ತೆ ಕೂಡಿಸುವರು. ಅತ್ತೆಯವರು ಒಂದು ದಿನ ನನ್ನೆದುರೇ ಕೈಮುಗಿದು, "ಯವ್ವಾ, ಇವರಿಗೆ ಏನರೆ ಒಂದು ಕೆಲಸ ಹಚ್ಚು. ಇಲ್ಲಾಂದ್ರ ನನಗ ಹುಚ್ಚು ಹಿಡೀತದ" ಎಂದರು.

ಕೆಲಸವನ್ನು ಮಾವನವರೇ ಹುಡುಕಿಕೊಂಡರು: ಮಾಳಿಗೆಯ ಮೇಲೆ ಗಿಡ ಬೆಳೆಸುವುದು. ಅಟ್ಟದ ಮೇಲೆ ಎಣ್ಣೆಯ ಖಾಲಿ ಡಬ್ಬಿಗಳು ಇಪ್ಪತ್ತೆರಡು ಬಿದ್ದಿದ್ದವು. ನೇಕಾರರ ಕಾರ್ಖಾನೆಯಿಂದ ಒಂದು ಹಳೆಯ ಬಣ್ಣದ ಡ್ರಮ್ಮು ಬಂತು. ಎಲ್ಲವನ್ನೂ ಮಾಳಿಗೆಗೆ ಏರಿಸಿ ಸಾಲಾಗಿ ಇಟ್ಟು ನನ್ನನ್ನು ಕರೆದರು.

"ಸೂನಬಾಯಿ," ಎಂದರು. ಸೊಸೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಮನಸ್ಸು ಪ್ರಸನ್ನವಾಗಿದ್ದಾಗ ನಮ್ಮ ಮಾವನವರಿಗೆ ಮರಾಠಿ ಬರುತ್ತಿತ್ತು. "ನಮ್ಮ ಮನಿತನದಾಗ ಯಾರೂ ಮಣ್ಣು ಮುಟ್ಟಿದವರಲ್ಲ. ನೀ ಒಕ್ಕಲತನದ ಮನಿಯಿಂದ ಬಂದಾಕಿ. ನೀ ಹೇಳು, ನಾ ಮಾಡ್ತೀನಿ. ಡಬ್ಬಿಗೆ ತೂತ ಹಾಕಬೇಕೋ ಬ್ಯಾಡೋ?"

ಇಲ್ಲಿ ನಿಮಗೊಂದು ವಿಷಯ ತಿಳಿದಿರಬೇಕು. ನಮ್ಮಪ್ಪ ಒಕ್ಕಲುತನ ಮಾಡುವವ ಹೌದು, ನಾನಲ್ಲ. ಏಳನೇ ವರ್ಷಕ್ಕೇ ನನ್ನನ್ನು ಅಕ್ಕಲಕೋಟೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿಟ್ಟು ಮರಾಠಿ ಸಾಲಿಗೆ ಹಾಕಿದ್ದ. ರಜೆ-ಸೂಟಿಗೆ ಊರಿಗೆ ಹೋದರೂ ಹೊಲಕ್ಕೆ ಬಿಡುತ್ತಿರಲಿಲ್ಲ. ಬದನೆ ಗಿಡ ಯಾವುದು, ಮೆಣಸಿನ ಗಿಡ ಯಾವುದು ಎಂದು ಕಾಯಿ ಬಿಟ್ಟ ಮೇಲಷ್ಟೇ ನನಗೆ ತಿಳಿಯುತ್ತಿತ್ತು. ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಭಾವನವರ ಹೆಂಡತಿ, ನನ್ನ ಹಿರಿಯ ನೆಗೆಣ್ಣಿಗೆ ಅಡುಗೆಯ ಹೆಸರಿತ್ತು, ನಾದಿನಿಗೆ ಹೊಲಿಗೆಯ ಹೆಸರಿತ್ತು. ಬಂದು ಮೂರು ತಿಂಗಳಾದರೂ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದರು, ಅದೂ ಸ್ವತಃ ಮಾವನವರು. ನಾನು ಸೆರಗು ಸರಿಮಾಡಿಕೊಂಡು, "ತೂತ ಬ್ಯಾಡ್ರಿ ಮಾವಾರ. ನೀರು ಸುಮ್ನ ಹಾಳಾಗ್ತದ" ಎಂದೆ.

"ಅರೇ ವ್ವಾ!" ಎಂದರು ಮಾವನವರು. ವ್ಯಾಪಾರಿಗೆ ಯಾವುದೂ ಹಾಳಾಗದಿರುವುದು ಬಹಳ ಹಿಡಿಸುತ್ತದೆ.

ಒಂದು ಸುಳ್ಳಿಗೆ ಅಷ್ಟು ಮರ್ಯಾದೆ ಸಿಕ್ಕ ಮೇಲೆ ನಿಲ್ಲಿಸುವುದು ಕಷ್ಟ. ಬದನೆ, ಮೆಣಸು, ಟೊಮ್ಯಾಟೊ ಹಚ್ಚಿದರು; ಡ್ರಮ್ಮಿನಲ್ಲಿ ಪೇರಲ ಗಿಡ ಬಂತು. ಶ್ರಾವಣದ ಹೊತ್ತಿಗೆ ಡಬ್ಬಿಯ ಗಿಡಗಳ ಎಲೆ ಹಳದಿಯಾಗತೊಡಗಿದವು. ಏನು ಮಾಡಬೇಕು ಎಂದು ಕೇಳಿದರು. ನಾನು ಆಕಾಶ ನೋಡಿದೆ, ಗಿಡ ನೋಡಿದೆ, "ದಿನಾ ಮುಂಜಾನೆ ಡಬ್ಬಿ ಒಂದೊಂದು ಗೇಣು ಪೂರ್ವಕ್ಕ ತಿರುಗಿಸಬೇಕ್ರಿ" ಎಂದೆ. ಇದು ಎಲ್ಲಿಂದ ಹೊಳೆಯಿತೋ ಇವತ್ತಿಗೂ ನನಗೆ ತಿಳಿದಿಲ್ಲ. ಮಾವನವರು ಮರುದಿನದಿಂದ ಸ್ನಾನಕ್ಕೂ ಮೊದಲು ಧೋತರ ಎತ್ತಿಕಟ್ಟಿ ಇಪ್ಪತ್ತೆರಡೂ ಡಬ್ಬಿ ತಿರುಗಿಸತೊಡಗಿದರು.

ಅವರೊಬ್ಬರೇ ಆಗಿದ್ದರೆ ಪಾಪ ಸಣ್ಣದಿತ್ತು. ಅವರಿಗೆ ಓಣಿಯ ತುಂಬ ಗೆಳೆಯರು. ಎರಡು ತಿಂಗಳಲ್ಲಿ ಎದುರು ಮನೆಯ ಕಾಕಾ, ಅವರಾಚೆಯ ಎಣ್ಣೆ ವ್ಯಾಪಾರಿ, ಮೂಲೆಯ ಬಂಗಾರದಂಗಡಿಯವರು ಎಲ್ಲರ ಮಾಳಿಗೆಯ ಮೇಲೂ ತೂತಿಲ್ಲದ ಡಬ್ಬಿಗಳು ಬಂದವು. ಹೊತ್ತು ಮೂಡುವಾಗ ನೀವು ನಮ್ಮ ಮಾಳಿಗೆ ಏರಿದ್ದರೆ ನೋಡಬಹುದಿತ್ತು: ಸೊಂಟ ನೋವಿನ, ಮಂಡಿ ನೋವಿನ ಹಿರಿಯ ಸಾವುಕಾರರೆಲ್ಲ ಬಗ್ಗಿ ಬಗ್ಗಿ ಡಬ್ಬಿಗಳನ್ನು ಪೂರ್ವಕ್ಕೆ ತಿರುಗಿಸುತ್ತಿದ್ದರು. ಡಬ್ಬಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮರಾಠಿಯಲ್ಲಿ ಹೂವಿನ ಕುಂಡಕ್ಕೆ ಕುಂಡಿ ಎನ್ನುತ್ತಾರೆ. ಕನ್ನಡದಲ್ಲಿ ಅದೇನೆಂದು ನಾನು ಬರೆಯಬೇಕಾಗಿಲ್ಲ. ಮಾವನವರು ಒಮ್ಮೆ ಎರಡು ಭಾಷೆಗಳ ನಡುವೆ ಕಾಲು ಜಾರಿ, ಅತ್ತೆಯವರ ಭಜನೆಯ ಗೆಳತಿಯರೆದುರು, "ನಮ್ಮ ಸೂನಬಾಯಿ ಹೇಳ್ಯಾಳ, ಕುಂಡಿ ದಿನಾ ಪೂರ್ವಕ್ಕ ತಿರುಗಿಸಬೇಕು" ಎಂದುಬಿಟ್ಟರು. ಆ ದಿನದಿಂದ ನಮ್ಮ ಮನೆಯಲ್ಲಿ ಡಬ್ಬಿ ಎಂಬ ಮಾತೇ ಕಾಯಂ ಆಯಿತು.

ದಸರೆಗೆ ಎರಡು ಬದನೆಕಾಯಿ ಬಂದವು. ಮನೆಯಲ್ಲಿ ಹನ್ನೊಂದು ಜನ. ಮಾವನವರು ಅವನ್ನು ತಟ್ಟೆಯಲ್ಲಿಟ್ಟು ಓಣಿಗೆಲ್ಲ ತೋರಿಸಿ ಬಂದ ಮೇಲೆ ಪಲ್ಯ ಮಾಡಿದೆವು. ಪ್ರತಿಯೊಬ್ಬರಿಗೂ ಒಂದು ಹೋಳು, ನನಗೆ ಎರಡು. ಪೇರಲ ಗಿಡವೊಂದೇ ಮೈತುಂಬ ಚಿಗುರಿ ನಿಂತಿತ್ತು. ಅದರ ಕೀರ್ತಿಯೂ ನನಗೇ ಬಂತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಪ್ಪ ನನ್ನನ್ನು ನೋಡಲು ಬಂದ. ಹೆಗಲ ಮೇಲೆ ಹೊಸ ಜೋಳದ ಚೀಲ. ಅತ್ತೆಯವರು ಬೀಗರು ಬಂದರೆಂದು ಹೋಳಿಗೆಗೆ ಹೂರಣ ರುಬ್ಬಲು ಕುಳಿತರು. ಮಾವನವರು ಅವನಿಗೆ ನೀರು ಕುಡಿಯಲೂ ಬಿಡದೆ, "ಬರ್ರಿ ಬೀಗರ, ನಿಮ್ಮ ಮಗಳ ಒಕ್ಕಲತನ ನೋಡಬರ್ರಿ" ಎಂದು ಮಾಳಿಗೆಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ.

ಅಪ್ಪ ಒಂದು ಬದನೆ ಗಿಡದ ಎಲೆ ಮುಟ್ಟಿದ. ಮಣ್ಣಿಗೆ ಬೆರಳು ಚುಚ್ಚಿ ಮೂಸಿ ನೋಡಿದ. "ಬುಡದಾಗ ನೀರು ನಿಂತದ್ರಿ. ಬೇರು ಕೊಳ್ಯಾಕತ್ತಾವ. ತಳಕ್ಕ ತೂತ ಹಾಕ್ರಿ."

"ತೂತ ಬ್ಯಾಡ ಅಂದಾಳ ಸೂನಬಾಯಿ."

"ಮತ್ತ ಪೇರಲ ಹ್ಯಾಂಗ ಬಂದದ ನೋಡ್ರಿ. ಆ ಡ್ರಮ್ಮಿನ ತಳ ಜಂಗು ಹಿಡಿದು ತೂತ ಬಿದ್ದದ. ಅದಕ್ಕ ಅದು ಬದುಕೇದ."

ಮಾವನವರ ಮುಖ ಬಿಗಿಯಿತು. "ಬೀಗರ, ನಿಮ್ಮದು ಹೊಲ, ಇದು ಡಬ್ಬಿ. ಡಬ್ಬಿಯ ಲೆಕ್ಕನ ಬ್ಯಾರೆ."

"ನಾ ಹುಟ್ಟಿದಾಗಿಂದ ಒಕ್ಕಲತನ ಮಾಡೀನ್ರಿ," ಎಂದ ಅಪ್ಪ.

"ಆಕಿನೂ ನಿಮ್ಮ ಹೊಲದಾಗ ಕಲ್ತಿದ್ದ ಹೇಳ್ಯಾಳಲ್ರಿ!"

ಅಪ್ಪ ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ಏನೋ ತಿಳಿಯದವನ ಹಾಗೆ. "ಹೌದೇನವ್ವಾ? ನಮ್ಮ ಹೊಲದಾಗ ಕಲ್ತಿಯೇನು?"

ಮಾವನವರು ನೋಡುತ್ತಿದ್ದರು. ಆಚೆಯ ಮಾಳಿಗೆಯಿಂದ ಎದುರು ಮನೆಯ ಕಾಕಾ ನೋಡುತ್ತಿದ್ದರು. ನಾನು, "ಹೂಂ" ಎಂದೆ.

ಅಪ್ಪ ಬೆರಳಿನ ಮಣ್ಣು ಒರೆಸಿಕೊಂಡ. "ಹಂಗಾದ್ರ ನನಗ ಗೊತ್ತಿಲ್ಲದ್ದು ಇರಬೇಕು," ಎಂದು ಮೆಟ್ಟಿಲಿಳಿದ. ಅತ್ತೆಯವರು ಊಟಕ್ಕೆ ಎಷ್ಟು ಕರೆದರೂ ಬಸ್ಸಿಗೆ ಹೊತ್ತಾಯಿತು ಎಂದ. ಹೊಸ್ತಿಲ ತನಕ ನಾನು ಹೋದೆ. ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದ: "ನಿನ್ನ ಕಾಲಿಗೆ ಮಣ್ಣು ಹತ್ತಬಾರ್ದಂತ ಅಕ್ಕಲಕೋಟ್ಯಾಗ ಇಟ್ಟೆ. ನಿಮ್ಮವ್ವ ದಿನಾ ಅಳ್ತಿದ್ಲು, ಆದ್ರೂ ಕರಕೊಂಡ ಬರಲಿಲ್ಲ. ಸಾವುಕಾರ್ರ ಮನಿ ಹುಡುಕಿ ಕೊಟ್ಟೆ. ಇಲ್ಲಿ ಬಂದು ಇದನ್ನ ಮಾಡಾಕತ್ತೀಯಲ್ಲವ್ವಾ."

ಅವನು ಓಣಿಯ ತಿರುವಿನಲ್ಲಿ ಮರೆಯಾದ. ಮುಂದೆ ನಾನು ಮಾಡಿದ್ದು ಧೈರ್ಯದಿಂದ ಮಾಡಿದ್ದಲ್ಲ, ನಿಲ್ಲಲಾಗದೆ ಮಾಡಿದ್ದು. ಅಡುಗೆಮನೆಯಿಂದ ಒಂದು ಮೊಳೆ, ಕುಟ್ಟಣಿಯ ಕಲ್ಲು ತೆಗೆದುಕೊಂಡು ಮಾಳಿಗೆಗೆ ಓಡಿದೆ. ಮಾವನವರು ಅಲ್ಲೇ ಇದ್ದರು. ಅವರ ಕಾಲ ಬಳಿಯಿದ್ದ ಡಬ್ಬಿಯ ತಳದ ಅಂಚಿಗೆ ಮೊಳೆ ಇಟ್ಟು ಹೊಡೆದೆ. ಕಪ್ಪು ನೀರು ಚಿಮ್ಮಿ ಅವರ ಬಿಳಿಯ ಧೋತರದ ಮೇಲೆ ಮೊಣಕಾಲ ತನಕ ಹಾರಿತು. ಆ ವಾಸನೆಗೆ ಎದುರಿನ ಕಾಕಾ ಕೂಡ ಮೂಗು ಮುಚ್ಚಿಕೊಂಡು ಕೆಳಗಿಳಿದು ಹೋದರು.

"ನನಗೇನೂ ಗೊತ್ತಿಲ್ರಿ ಮಾವಾರ," ಎಂದೆ. ಅಳು ಬರುತ್ತಿತ್ತು. "ನಾ ಹೊಲಕ್ಕ ಕಾಲಿಟ್ಟಾಕಿ ಅಲ್ಲ. ಎಲ್ಲಾ ಸುಳ್ಳು ಹೇಳೀನಿ. ಅಪ್ಪ ಹೇಳಿದ್ದ ಖರೆ."

ಮಾವನವರು ಡಬ್ಬಿ ನೋಡಿದರು, ಧೋತರ ನೋಡಿದರು. "ತಿರುಗಿಸೋದು?" ಎಂದು ಕೇಳಿದರು.

"ಅದೂ ಸುಳ್ಳುರಿ."

ಮಾವನವರು ಬಗ್ಗಿ ಧೋತರದ ತುದಿ ಹಿಂಡಿದರು. ಆಮೇಲೆ ಅವರು ಹೇಳಿದ್ದು ಇಷ್ಟೇ: "ಬೀಗರು ಉಣ್ಣದ ಹೋಗ್ಯಾರ." ಆ ಧೋತರದಲ್ಲೇ, ಆ ವಾಸನೆಯಲ್ಲೇ, ಟೊಪ್ಪಿಗೆಯಿಲ್ಲದೆ ಹೊರಗೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಬಸ್ಸು ಹತ್ತಿ ಕುಳಿತಿದ್ದ ಅಪ್ಪನನ್ನು ಕೈಹಿಡಿದು ಇಳಿಸಿ ಕರೆತಂದರು. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಹೋಳಿಗೆ ಉಂಡರು. ಉಂಡ ಮೇಲೆ ಇಬ್ಬರೂ ಮಾಳಿಗೆಗೆ ಹೋಗಿ, ಒಬ್ಬರು ಡಬ್ಬಿ ಓರೆಮಾಡಿ ಹಿಡಿದರೆ ಇನ್ನೊಬ್ಬರು ಮೊಳೆ ಹೊಡೆದರು.

ಸದ್ದು ಕೇಳಿ ಎದುರಿನ ಕಾಕಾ ಮತ್ತೆ ಗೋಡೆಗೆ ಬಂದರು. "ಏನ್ರೀ ಇದು? ತೂತ ಹಾಕಬಾರ್ದಂತ ಹೇಳಿದ್ರಿ?"

ನಾನು ಪೇರಲ ಗಿಡದ ಹಿಂದೆ ಸರಿದೆ. ಮಾವನವರು ಗಾದಿಯ ಮೇಲಿನ ಗತ್ತಿನಲ್ಲಿ, "ಅದು ಮಳಿಗಾಲದ್ದು. ಚಳಿಗಾಲಕ್ಕ ತೂತ ಹಾಕಬೇಕಂತ ಸೂನಬಾಯಿ ಹೇಳ್ಯಾಳ" ಎಂದರು.

ಕಾಕಾ ಅಪ್ಪನನ್ನು ನೋಡಿದರು. "ಖರೇನ್ರಿ ಬೀಗರ?"

ಅಪ್ಪ ಮೊಳೆಯಿಂದ ತಲೆಯೆತ್ತಲಿಲ್ಲ. "ಖರೆ ಅದರಿ," ಎಂದ. "ನಮಗೂ ಆಕೀನ ಹೇಳಿಕೊಟ್ಟಾಳ."

ಮರುದಿನ ಮುಂಜಾನೆ ಓಣಿಯ ತುಂಬ ಮೊಳೆ ಹೊಡೆಯುವ ಸದ್ದು. ಶಿವರಾತ್ರಿಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಟೊಮ್ಯಾಟೊ. ನನ್ನ ಹೆಸರು ಇನ್ನಷ್ಟು ದೊಡ್ಡದಾಯಿತು.

ಈ ಕಥೆಯನ್ನು ನಾನು ನಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಕ್ಕಳು, ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕಿದ್ದಾರೆ. ಆದರೆ ಪ್ರತಿ ಸಲವೂ, ಅಪ್ಪ ಉಣ್ಣದೆ ಹೋದದ್ದು ಬಸ್ಸಿಗೆ ಹೊತ್ತಾಯಿತೆಂದು, ಎಂದೇ ಹೇಳಿಕೊಂಡು ಬಂದಿದ್ದೇನೆ. ಅವನು ನನ್ನನ್ನು ಕೇಳಿದ್ದು, ನಾನು ಹೂಂ ಎಂದದ್ದು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೂ ಹಾಗೆಯೇ ಹೇಳಿ ಮುಗಿಸೋಣವೆಂದು ಕುಳಿತಿದ್ದೆ. ಬರೆಯುತ್ತ ಆ ಜಾಗಕ್ಕೆ ಬಂದಾಗ ಕೈ ಮುಂದೆ ಹೋಗಲಿಲ್ಲ; ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮನೆಯವರು ಓದಿದರೆ ಓದಲಿ.