ಬುದ್ಧಿ ಹೇಳದ ಗುಂಪು

ರಿಪೇರಿಯಾದ ಪಂಪ್‌ಸೆಟ್ ಮೋಟರನ್ನು ಲಗೇಜ್ ಆಟೋಗೆ ಹಾಕಿಸಿಕೊಂಡು ಸಂಜೆ ಮಧುಗಿರಿಯಿಂದ ಐ.ಡಿ.ಹಳ್ಳಿಗೆ ಹೊರಟಿದ್ದೆ. ಊರು ದಾಟುವ ಮೊದಲೇ ಡ್ರೈವರ್ ಬ್ರಾಂಡಿ ಅಂಗಡಿ ಎದುರು ಗಾಡಿ ನಿಲ್ಲಿಸಿದ. ಇಳಿಯಲಿಲ್ಲ. ಹ್ಯಾಂಡಲ್ ಬಿಡದೆ ಅಂಗಡಿಯನ್ನೇ ನೋಡುತ್ತಿದ್ದ.

“ಕುಡಿಯೋದು ಬುಟ್ಟಿದ್ದೆ ಯಜಮಾನ್ರೇ. ಹೆಂಡ್ತಿ ನೆನ್ನೆ ತಾನೆ ತವರಿಂದ ವಾಪಸ್ ಬಂದವ್ಳೆ. ಇವತ್ತು ಕುಡಿದ್ರೆ ಇನ್ನು ಬರಾಕಿಲ್ಲ.”

ಅಷ್ಟು ಹೇಳಿ ಫೋನ್ ಒತ್ತಿ ಸ್ಪೀಕರ್‌ಗೆ ಹಾಕಿದ. “ಅಂಗಡಿ ಮುಂದೆ ಇದೀನಿ, ಯಾರಾದ್ರೂ ಇದೀರಾ?”

ಅದು ಕುಡಿತ ಬಿಡುವವರ ಫೋನ್ ಗುಂಪಂತೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ಕರೆ ಬಂದರೆ ತಾವಿರುವ ಕಡೆಯ ಸದ್ದು ಕೇಳಿಸಿ, ಜೊತೆಗಿದ್ದೇವೆ ಎಂದು ತೋರಿಸಬೇಕು, ಅಷ್ಟೇ.

“ಪಾವಗಡದ ಅಕ್ಕ ಕಣಪ್ಪ. ಹಸ ಕರೀತಾ ಇದೀನಿ, ಕೇಳುಸ್ಕೊ.”

ಹಾಲು ಚೊರ್ ಚೊರ್ ಎಂದು ಪಾತ್ರೆಗೆ ಬೀಳುವ ಸದ್ದು ಆಟೋ ತುಂಬಿತು. ಶಿರಾದಿಂದ ಒಬ್ಬ ದರ್ಜಿ ಹೊಲಿಗೆ ಮಷೀನ್ ತುಳಿದು ಕೇಳಿಸಿದ. ಅದು ಕಿರ್ರೆಂದಿತು.

“ಲೇ, ಮಷೀನ್‌ಗೆ ಎಣ್ಣೆ ಹಾಕ್ಲಾ, ಅದಾದ್ರೂ ಕುಡೀಲಿ,” ಎಂದಳು ಅಕ್ಕ.

ಡ್ರೈವರ್ ನಕ್ಕುಬಿಟ್ಟ. ಗಾಡಿ ಸ್ಟಾರ್ಟ್ ಮಾಡಿದ. ಎಲ್ಲೋ ಕರೆಯುತ್ತಿದ್ದ ಹಾಲಿನ ಸದ್ದು ಇಲ್ಲೊಬ್ಬನನ್ನು ಹಿಡಿದು ನಿಲ್ಲಿಸಿತ್ತು.

“ಒಬ್ನೇ ಇದೀಯಾ, ಪಕ್ಕದಲ್ಲಿ ಯಾರಾದ್ರೂ ಅವ್ರಾ?” ಅಕ್ಕ ಕೇಳಿದಳು.

“ಬಾಡಿಗೆಗೆ ಬಂದಿರೋ ಯಜಮಾನ್ರು. ಇಷ್ಟಾದ್ರೂ ಒಂದ್ ಮಾತೂ ಆಡಿಲ್ಲ.”

“ಅಂಥೋರು ಸಿಗಾದು ಪುಣ್ಯ ಕಣಪ್ಪ.”

ಇದೇ ಗುಣಕ್ಕೆ ನನ್ನ ಹೆಂಡತಿ ಮದುವೆಯಾದಾಗಿನಿಂದ ಬೈಯುತ್ತಿದ್ದಾಳೆ.