ಜೋಳ ಗಾಳಿ ಕುಡಿದ ದಿನ

ಮದುವೆಯಾಗಿ ಇಪ್ಪತ್ತೇ ದಿನ! ಗಂಡನಿಗೆಂದು ಮೊದಲ ಸಲ ಮಡಕೆ ಕಾಳು ನೆನೆಸಿ ಬಟ್ಟೆಯಲ್ಲಿ ಮೊಳಕೆಗೆ ಕಟ್ಟಿದ್ದೆ. ಕುಣಿಯುತ್ತ ಗಂಟು ಬಿಚ್ಚಿದರೆ ಒಳಗಿಂದ ಬಿಸಿಯುಸಿರಿನಂಥ ವಾಸನೆ ಮುಖಕ್ಕೆ ಬಡಿಯಿತು. ನಾನು ಥಟ್ಟನೆ ಹಿಂದೆ ಸರಿದೆ.

ಅಂತೂರ ಬೆಂತೂರು ಹಳ್ಳಿಯ ಅಜ್ಜನ ಮನೆಯ ಹಗೇವಿಗೂ ಇದೇ ವಾಸನೆ. ಅಂಗಳದಲ್ಲಿ ಜೋಳ ತುಂಬಿಡುವ ಆ ಆಳದ ಗುಂಡಿಯ ಬಾಯಿ ತೆರೆದಾಗಲೆಲ್ಲ ಅಜ್ಜ ಮೊದಲು ಕಂದೀಲು ಇಳಿಬಿಡುತ್ತಿದ್ದ. ಅದು ಆರದೆ ಉರಿದರೆ ಮಾತ್ರ ಜನ ಇಳಿಯಬೇಕು.

ಚಿಕ್ಕವಳಿದ್ದಾಗ ಗದಗಿನಿಂದ ರಜೆಗೆ ಹೋಗಿದ್ದ ನಾನು, ಒಂದು ದಿನ ಹಗೇವು ತೆರೆದಾಗ ಅಂಚಿನಲ್ಲಿ ನಿಂತು ಇಣುಕುವಾಗ ಹೊಸ ಚಪ್ಪಲಿಯೊಂದು ಜಾರಿ ಒಳಗೆ ಬಿತ್ತು. ಅಜ್ಜ ಕಂದೀಲು ತರಲು ಹೋಗಿದ್ದ. ನಾನು ಜೋರಾಗಿ ಅಳತೊಡಗಿದೆ.

"ಅಳಬ್ಯಾಡವಾ, ಇಂಗ್ಲಿಷ್ ಸಾಲಿ ರಾಣಿ! ಈಗ ತರ್ತೀನಿ," ಎಂದು ಸೋದರಮಾವ ನಕ್ಕು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟ. ಕೆಳಗೆ ಧಪ್ಪೆಂದು ಸದ್ದಾಯಿತು. "ಮಾಮಾ!" ಎಂದೆ. ಹಗ್ಗ ಸಡಿಲಾಗಿ ಜೋತುಬಿತ್ತು.

ಅಜ್ಜ ಓಡಿ ಬಂದ. "ಯಾರೂ ಇಳೀಬ್ಯಾಡ್ರಿ! ಹಗ್ಗ ಎಳೀರಿ!"

ನೆರೆಯವರೆಲ್ಲ ಸೇರಿ ಎಳೆದರು. ಮೇಲೆ ಬಂದ ಮಾಮಾನ ತುಟಿ ನೀಲಿಯಾಗಿತ್ತು. ಅಜ್ಜ ಅವನ ಎದೆ ತಿಕ್ಕುತ್ತಲೇ ಇದ್ದ. ನಾನೇ ಕೊಂದೆ ಎಂದುಕೊಂಡು ಅಳುವುದನ್ನೂ ಮರೆತೆ. ಕೊನೆಗೆ ಮಾಮಾ ಕೆಮ್ಮಿದ.

"ಕಾಳಿಗೂ ಜೀವ ಐತವಾ," ಅಜ್ಜ ಮಾಮಾನ ಬೆನ್ನು ಸವರುತ್ತ ಹೇಳಿದ. "ಬದುಕಾಕ ತನ್ನೊಳಗಿನ ಹಿಟ್ಟು ತಾನ ಕರಗಿಸಿ ತಿಂತೈತಿ. ಅದಕ್ಕ ಗಾಳಿ ಬೇಕಲ್ಲಾ, ಒಳಗಿಂದೆಲ್ಲಾ ಕುಡದುಬಿಟ್ಟೈತಿ."

ಕಾಲೇಜಿನಲ್ಲಿ ಜೀವಕೋಶದ ಉಸಿರಾಟದ ಪಾಠ ಬಂದಾಗ ಎಲ್ಲರೂ ಸೂತ್ರ ಬರೆದುಕೊಂಡರು. ನನಗೆ ಕಂಡದ್ದು ಆ ನೀಲಿ ತುಟಿ.

ಮೊಳಕೆಯ ಗಂಟನ್ನು ಹಾಗೇ ಬಿಟ್ಟು ಈಗಷ್ಟೇ ಮಾಮಾನಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. "ಏನವಾ?" ಎಂದು ಆತ ಕೇಳುವವರೆಗೆ ನಾನು ಉಸಿರೇ ಬಿಡಲಿಲ್ಲ.