ಅರವತ್ತನಾಲ್ಕನೇ ಓಟಗಾರ್ತಿ

ಶಿಡ್ಲಘಟ್ಟದ ಅಬ್ದುಲ್ ಸತ್ತಾರ್ ಸಾಹೇಬರಿಗೆ ದೇವರು ಎತ್ತರ ಕೊಡಲಿಲ್ಲ, ಆಸ್ತಿ ಕೊಡಲಿಲ್ಲ, ಗಂಟಲು ಮಾತ್ರ ಕೈಬಿಚ್ಚಿ ಕೊಟ್ಟ. ಮೂವತ್ತೊಂದು ವರ್ಷ ಅವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದವರು. ಅವರು ಲಾಟಿನ ನಂಬರು ಕೂಗಿದರೆ ಹೊರಗೆ ಟೀ ಕುಡಿಯುತ್ತಿದ್ದ ರೈತ ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದ. ಆಮೇಲೆ ಹರಾಜು ಮೊಬೈಲಿಗೆ ಬಂತು, ಬೆರಳು ಒತ್ತಿದರೆ ಸಾಕಾಯಿತು, ಸಾಹೇಬರ ಗಂಟಲಿಗೆ ಕೆಲಸವಿಲ್ಲದಂತಾಯಿತು.

ಅದೇ ವರ್ಷ ಸಕ್ಕರೆ ಕಾಯಿಲೆಯೂ ಅಂಟಿಕೊಂಡಿತು. ಡಾಕ್ಟರು ನಡೆಯಿರಿ ಎಂದರು. ನಮ್ಮ ಸಾಹೇಬರು ಯಾವ ಕೆಲಸವನ್ನು ಹೇಳಿದಷ್ಟೇ ಮಾಡಿದ್ದಾರೆ? ನಡೆಯಲು ಹೋಗಿ ಓಡತೊಡಗಿದರು. ಬೆಳಗಿನ ಹೊತ್ತು ಐದು ಜನ ಜೊತೆಗೂಡಿದರು, ಐದು ಹನ್ನೆರಡಾಯಿತು, ಕೊನೆಗೆ ವರ್ಷಕ್ಕೊಂದು ಹತ್ತು ಕಿಲೋಮೀಟರ್ ಓಟವೇ ಶುರುವಾಯಿತು. ಊರಿಂದ ಹೊರಟು ಕೆಂಪನಕುಂಟೆಯ ಕೆರೆ ಏರಿಯವರೆಗೆ ಹೋಗಿ, ಅಲ್ಲಿ ತಿರುಗಿ ವಾಪಸ್ಸು ಬರುವುದು. ಗೆದ್ದವರಿಗೊಂದು ಮೆಡಲ್ಲು, ಓಡಿದವರಿಗೆಲ್ಲ ಉಪ್ಪಿಟ್ಟು. ಓಟಕ್ಕೆ ಸಾಹೇಬರು ಮಾರುಕಟ್ಟೆಯಿಂದ ತಂದ ನೇಮ ಒಂದೇ ಒಂದು. ಕೊನೇ ಲಾಟು ತೂಗುವವರೆಗೆ ತಕ್ಕಡಿ ಎತ್ತಬಾರದು, ಹಾಗೆಯೇ ಕೊನೆಯವರು ಬಂದು ಮುಟ್ಟುವವರೆಗೆ ಬ್ಯಾನರ್ ಬಿಚ್ಚಬಾರದು.

ಈ ಸಲ ಓಟ ಡಿಸೆಂಬರಿನ ಎರಡನೇ ಭಾನುವಾರ. ಸೈಕ್ಲೋನ್ ಏಳುವುದು ಚೆನ್ನೈ ಕಡೆ, ನೆಗಡಿ ಬರುವುದು ನಮ್ಮ ಕಡೆ. ಶುಕ್ರವಾರ ಹಿಡಿದ ಜಡಿಮಳೆ ಶನಿವಾರ ಸಂಜೆಯಾದರೂ ಬಿಡಲಿಲ್ಲ.

"ಮುಂದಿನ ವಾರಕ್ಕೆ ಹಾಕಿ," ಎಂದರು ಹೆಂಡತಿ ಹಮೀದಾ ಬೇಗಂ.

"ಮೂವತ್ತೊಂದು ವರ್ಷದಲ್ಲಿ ಮಳೆ ಅಂತ ಒಂದು ದಿನವಾದರೂ ಹರಾಜು ನಿಂತಿದೆಯಾ?"

"ಗೂಡು ಮೂಟೆಯಲ್ಲಿ ಬರ್ತಿತ್ತು. ಜನ ಕಾಲ ಮೇಲೆ ಬರ್ತಾರೆ," ಎಂದು ಆಕೆ ಬಾಗಿಲು ಹಾಕಿಕೊಂಡರು. ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು ಹೆಂಡತಿ ಹೇಳಿದಾಗ ಕೇಳುವ ಅಭ್ಯಾಸ ಮಾತ್ರ ಸಾಹೇಬರಿಗಿರಲಿಲ್ಲ.

ಬೆಳಗ್ಗೆ ಏಳಕ್ಕೆ, ತುಂತುರಿನಲ್ಲೇ, ಅರವತ್ತನಾಲ್ಕು ಜನ ಹೊರಟರು. ಅರವತ್ತನಾಲ್ಕನೇ ನಂಬರಿನ ಬಟ್ಟೆ ಎದೆಗೆ ಹೊಲಿದುಕೊಂಡಿದ್ದಾಕೆ ಶ್ಯಾಮಲಮ್ಮ, ಪಕ್ಕದ ಹಳ್ಳಿಯ ರಾಮಾಂಜಿನಪ್ಪನ ಹೆಂಡತಿ. ವಯಸ್ಸು ನಲವತ್ತಾರು. ಇಪ್ಪತ್ತೈದು ವರ್ಷದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ರೇಷ್ಮೆ ಹುಳ ಸಾಕಿದ ಜೀವ. ಹೋದ ವರ್ಷ ತೋಟದ ಬದುವಿನ ಮೇಲೆ ನಿಂತು ಓಟ ನೋಡಿ, "ಇಷ್ಟೇನಾ? ಇದನ್ನ ನಾನು ಸೊಪ್ಪು ಹೊತ್ಕೊಂಡೇ ಓಡ್ತೀನಿ," ಎಂದಿದ್ದಳು. ರಾಮಾಂಜಿನಪ್ಪ ಸುಲಭಕ್ಕೆ ಒಪ್ಪಲಿಲ್ಲ. ಸಾಹೇಬರು ಎರಡು ಸಲ ಅವರ ಮನೆಗೆ ಹೋಗಿ ಕೂತು, ಮಾತು ಕೊಟ್ಟು ಬಂದಿದ್ದರು. "ನಾನು ಎಣಿಸಿ ಕಳಿಸ್ತೀನಿ, ನಾನೇ ಎಣಿಸಿ ತಗೊಳ್ತೀನಿ. ನಿನ್ನ ಕೈಗೆ ಒಪ್ಪಿಸೋ ಜವಾಬ್ದಾರಿ ನಂದು."

ಹೊರಟು ಅರ್ಧ ಗಂಟೆಯಾಗಿರಲಿಲ್ಲ, ತುಂತುರು ಹೋಗಿ ಧಾರಾಕಾರವಾಯಿತು, ಜೊತೆಗೆ ಗಾಳಿ. ಬ್ಯಾನರ್ ಪಟಪಟ ಬಡಿದುಕೊಂಡಿತು, ಉಪ್ಪಿಟ್ಟಿನ ಒಲೆ ಎರಡು ಸಲ ಆರಿತು. ಓಡಿದವರು ನೆಂದ ಕೋಳಿಗಳ ಹಾಗೆ ಒಬ್ಬೊಬ್ಬರೇ ಬಂದು ಮುಟ್ಟಿದರು. ಸಾಹೇಬರು ಕೊಡೆ ಹಿಡಿದು ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಬಂದರು. ಒಂಬತ್ತೂಕಾಲಿಗೆ ಟಿಕ್‌ಗಳು ಅರವತ್ತಮೂರಕ್ಕೆ ನಿಂತವು.

ಮತ್ತೊಮ್ಮೆ ಎಣಿಸಿದರು. ಅರವತ್ತಮೂರೇ.

ಬ್ಯಾನರ್ ಕೆಳಗೆ ರಾಮಾಂಜಿನಪ್ಪ ನಿಂತಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಹೆಂಡತಿಯ ಚಪ್ಪಲಿ. "ಶೂ ಕಚ್ಚುತ್ತೆ, ಓಡಿ ಬಂದ ತಕ್ಷಣ ಬೇಕು ಅಂದ್ಲು," ಎಂದು ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದ. ಈಗ ಸಾಹೇಬರ ಮುಖವನ್ನೇ ನೋಡಿದ.

ಕೆರೆ ಏರಿಯ ತಿರುವಿನಲ್ಲಿ ಟಿಕ್ ಹಾಕಲು ಕೂರಿಸಿದ್ದ ನಲ್ಲಪ್ಪನಿಗೆ ಸಾಹೇಬರು ಫೋನ್ ಮಾಡಿದರು.

"ಅರವತ್ತನಾಲ್ಕೂ ತಿರುಗಿದ್ರು ಸಾಹೇಬ್ರೆ, ನಾನೇ ಎಣಿಸಿದೀನಿ. ಆಯಮ್ಮನೂ ತಿರುಗಿದ್ಲು, ನೀರು ಕೊಟ್ಟೆ. ಆದ್ರೆ ಒಂದು ಮಾತು... ಕೆರೆ ಕೋಡಿ ಬಿದ್ದೈತೆ. ರಸ್ತೆ ಮೇಲೆ ನೀರು ಮೊಣಕಾಲುದ್ದ ಹರೀತಾ ಐತೆ. ಅವರೆಲ್ಲ ದಾಟುವಾಗ ಇಷ್ಟಿರಲಿಲ್ಲ."

ಕೊನೆಯವಳು ದಾಟುವಾಗ ಎಷ್ಟಿತ್ತು? ಅದನ್ನು ಕೇಳುವ ಧೈರ್ಯ ಸಾಹೇಬರಿಗೆ ಬರಲಿಲ್ಲ. ನೆರೆಮನೆಯ ಯಾಸೀನನ ಆಟೋ ಹತ್ತಿ ಹೊರಟುಬಿಟ್ಟರು. ರಾಮಾಂಜಿನಪ್ಪನಿಗೆ "ಇಲ್ಲೇ ಇರು, ಆಕೆ ಬಂದರೆ ಫೋನ್ ಮಾಡು" ಎಂದಷ್ಟೇ ಹೇಳಿದರು. ನಿಜ ಹೇಳಬೇಕೆಂದರೆ ಕೋಡಿಯ ಹತ್ತಿರ ಅವನು ಜೊತೆಯಲ್ಲಿರುವುದು ಅವರಿಗೆ ಬೇಡವಾಗಿತ್ತು.

ದಾರಿಯುದ್ದಕ್ಕೂ ಬೇಲಿ, ಮೋರಿ, ಬಸ್ಸಿನ ತಂಗುದಾಣ ಯಾವುದನ್ನೂ ಬಿಡದೆ ನೋಡಿದರು. ಊರಿಂದ ಎರಡು ಕಿಲೋಮೀಟರಿನಲ್ಲಿ, ರಸ್ತೆಗೆ ಅಂಟಿಕೊಂಡು ಅಕ್ಕಯ್ಯಮ್ಮನ ಹುಳದ ಮನೆಯಿದೆ, ತಗಡಿನ ಸೂರಿನದು. ಯಾಸೀನ್ ಆಟೋ ನಿಲ್ಲಿಸಿದ. ಸಾಹೇಬರು ಇಳಿದು ಹತ್ತು ಹೆಜ್ಜೆ ನಡೆದು, ಬಾಗಿಲ ಮುಂದೆ ಎಳೆದಿದ್ದ ಸುಣ್ಣದ ಗೆರೆ ಕಂಡು ಗಕ್ಕನೆ ನಿಂತರು.

ಆ ಗೆರೆ ಏನೆಂದು ರೇಷ್ಮೆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಹುಳ ಸಾಕುವ ಮನೆಗೆ ಹೊರಗಿನವರು ಹೋಗಬಾರದು, ರೋಗ ಹತ್ತುತ್ತದೆ. ಅದರಲ್ಲೂ ಊರೂರಿನ ಗೂಡು ಮುಟ್ಟಿದ ಮಾರುಕಟ್ಟೆಯವರಂತೂ ಬಾಗಿಲಲ್ಲಿ ಇಣುಕಲೂಬಾರದು. ಹುಳ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರು ತಟ್ಟೆಯ ಮೇಲೆ ಗೂಡು ಕಟ್ಟುವ ದಿನವಾದರೆ ಗಟ್ಟಿಯಾಗಿ ಮಾತೂ ಆಡಬಾರದು ಎನ್ನುತ್ತಾರೆ. ಕಿಟಕಿಯಲ್ಲಿ ಚಂದ್ರಿಕೆಗಳು ಕಂಡವು. ಜಿಲ್ಲೆಯ ಅತಿ ದೊಡ್ಡ ಗಂಟಲಿನ ಮನುಷ್ಯ ಬಾಗಿ, ಮಗುವನ್ನು ಮಲಗಿಸುವ ದನಿಯಲ್ಲಿ ಕೇಳಿದರು.

"ಅಕ್ಕಯ್ಯಮ್ಮಾ... ಓಡೋರು ಯಾರಾದರೂ ಈ ಕಡೆ ಬಂದರಾ?"

ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಒಳಗಿಂದ ಯಾರೂ ಬರಲಿಲ್ಲ. ಹುಳದ ಮನೆಯವರಿಗೆ ಕೈ ಬಿಡುವಿಲ್ಲ, ತೊಂದರೆ ಕೊಡಬಾರದು ಎಂದುಕೊಂಡು ಸಾಹೇಬರು ಮರ್ಯಾದೆಯಿಂದ ಆಟೋ ಹತ್ತಿದರು.

ಕೋಡಿಯ ನೀರು ಕೆಂಪಗೆ ಹರಿಯುತ್ತಿತ್ತು. ರಸ್ತೆಯ ಅಂಚಿನ ಕಲ್ಲುಗಳು ಮುಳುಗಿದ್ದವು. ಯಾಸೀನ್ ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು, ಕೆಳಗಿನ ಗದ್ದೆಯವರೆಗೆ ಹೋಗಿ ಬಂದ. ಒಂದು ತೆಂಗಿನ ಗರಿ, ಒಂದು ಹರಿದ ಗೋಣಿ, ಅಷ್ಟೇ. ಸಾಹೇಬರು ದಡದಲ್ಲೇ ಕುಕ್ಕರಿಸಿದರು. ಹಮೀದಾ ಹೇಳಿದ ಮಾತು ಕಿವಿಯಲ್ಲಿ ಗುಂಯ್ ಎಂದಿತು. ತಮ್ಮ ಹಟ, ತಮ್ಮ ಹರಾಜು, ತಮ್ಮ ಮೂವತ್ತೊಂದು ವರ್ಷ ಎಲ್ಲದರ ಮೇಲೂ ಅವರಿಗೆ ಅಸಹ್ಯ ಹುಟ್ಟಿತು. ಆ ಮನುಷ್ಯನ ಮುಖಕ್ಕೆ ಏನು ಹೇಳಲಿ? ಚೀಲ ಹಿಡಿದು ನಿಂತಿದ್ದಾನೆ. ಚಪ್ಪಲಿ ಇಟ್ಟುಕೊಂಡು ನಿಂತಿದ್ದಾನೆ.

ಚಪ್ಪಲಿ.

ಸಾಹೇಬರು ದಡಕ್ಕನೆ ಎದ್ದರು. "ಯಾಸೀನ್, ಅಕ್ಕಯ್ಯಮ್ಮನ ಬಾಗಿಲಲ್ಲಿ ಏನೇನಿತ್ತು?"

"ಏನಿತ್ತು ಚಾಚಾ? ಬಕೆಟ್ಟು. ಎರಡು ಜೊತೆ ರಬ್ಬರ್ ಚಪ್ಪಲಿ. ಒಂದು ಜೊತೆ ಶೂ."

"ಎಂಥ ಶೂ?"

"ಕ್ಯಾನ್ವಾಸು. ಲೇಸು ಗುಲಾಬಿ ಬಣ್ಣ."

"ಅರವತ್ತು ದಾಟಿದ ಅಕ್ಕಯ್ಯಮ್ಮ ಗುಲಾಬಿ ಲೇಸಿನ ಶೂ ಹಾಕ್ತಾಳೇನೋ? ತಿರುಗಿಸು ಆಟೋ!"

ಈ ಸಲ ಸಾಹೇಬರು ಗೆರೆಯ ಈಚೆಯೇ ಕಾಲು ಊರಿ ನಿಂತು, ಎದೆ ತುಂಬ ಉಸಿರೆಳೆದು, ಹರಾಜು ಕಟ್ಟೆಯ ದನಿ ತೆಗೆದರು. ವರ್ಷಗಳಿಂದ ಒಳಗೇ ಕೂತಿದ್ದ ದನಿ ಅದು.

"ಅರವತ್ತನಾಲ್ಕನೇ ನಂಬರ್ರ್ರ್!"

ತಗಡು ಝಣ್ ಎಂದಿತು. ಎದುರಿನ ಹುಣಸೆ ಮರದಿಂದ ಕಾಗೆಗಳು ಎದ್ದವು.

"ಎವರಪ್ಪಾ ಅದಿ, ಯಾರದು, ಹುಳ ಎದ್ದು ಓಡ್ತಾವೆ!" ಎಂದು ಅಕ್ಕಯ್ಯಮ್ಮ ತೆಲುಗು ಕನ್ನಡ ಬೆರೆಸಿ ಒಳಗಿಂದಲೇ ಬೈದಳು. ಅದರ ಹಿಂದೆಯೇ ಇನ್ನೊಂದು ದನಿ ಬಂತು. "ಇಲ್ಲೇ ಇದೀನಿ ಸತ್ತಾರಣ್ಣಾ! ಇನ್ನೊಂದೇ ಒಂದು ಚಂದ್ರಿಕೆ, ಬಂದುಬಿಟ್ಟೆ!"

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಅವರು ಆಟೋದ ಕಂಬಿ ಹಿಡಿದುಕೊಂಡು ಅಳುತ್ತಲೇ ನಕ್ಕರು. ಮಳೆ ಆಗಷ್ಟೇ ನಿಂತಿತ್ತು, ಹಾಗಾಗಿ ಕೆನ್ನೆಯ ನೀರನ್ನು ಮಳೆಯ ಲೆಕ್ಕಕ್ಕೆ ಹಾಕಲೂ ಆಗಲಿಲ್ಲ.

ಐದು ನಿಮಿಷಕ್ಕೆ ಶ್ಯಾಮಲಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಎದೆಯ ಮೇಲೆ ನಂಬರು, ತಲೆಗೂದಲಲ್ಲಿ ಹಿಪ್ಪುನೇರಳೆಯ ಒಂದು ಚೂರು.

"ಏನು ಮಾಡ್ಲಣ್ಣ, ಬರ್ತಾ ಇದ್ದೆ. ಗಾಳಿಗೆ ಪ್ಲಾಸ್ಟಿಕ್ ಹೊದಿಕೆ ಹಾರಿ, ಚಂದ್ರಿಕೆ ಎಲ್ಲ ನೆನೀತಾ ಇತ್ತು. ಈಯಮ್ಮ, ಸೊಸೆ ಇಬ್ಬರೇ. ಮಳೆ ಅಂತ ಆಳು ಬಂದಿಲ್ಲ. ಹುಳ ನೋಡಿದ್ರೆ ಮನೆ ತುಂಬ ಒಟ್ಟಿಗೇ ಹಣ್ಣಾಗಿದಾವೆ. ಹಣ್ಣಾದ ಹುಳ ಕಾಯ್ತದಾ? ಆರಿಸಿ ಚಂದ್ರಿಕೆಗೆ ಹಾಕದಿದ್ರೆ ಸೊಪ್ಪಿನ ಕಡ್ಡೀಲೇ ನೂಲು ಬಿಟ್ಟು ಕೆಟ್ಟುಹೋಗ್ತವೆ. ಹತ್ತು ನಿಮಿಷ ಅಂತ ಕೈ ಕಾಲು ತೊಳ್ಕೊಂಡು ಒಳಗೆ ಹೋದೆ."

"ಹತ್ತು ನಿಮಿಷ ಒಂದು ಗಂಟೆ ದಾಟಿತಲ್ಲಮ್ಮ! ಒಂದು ಮಾತು ಹೇಳಿ ಕಳಿಸಬಾರದಾ? ಕೋಡಿಯಲ್ಲಿ ಹುಡುಕಿ ಬಂದೆ ನಾನು."

ಶ್ಯಾಮಲಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ತಪ್ಪಾಯ್ತಣ್ಣ. ಓಟ ಮುಗಿದ ಮೇಲೆ ಕೊನೆಯವರನ್ನ ಯಾರು ಕಾಯ್ತಾರೆ ಅಂದ್ಕೊಂಡೆ."

ಸಾಹೇಬರು ಆಟೋ ತೋರಿಸಿದರು. ಆಕೆ ತಲೆಯಾಡಿಸಿ, ಕೂತು ಒದ್ದೆ ಶೂ ಕಟ್ಟಿಕೊಂಡಳು. "ಎರಡೇ ಕಿಲೋಮೀಟರ್ ಅಲ್ವಾ? ಓಡ್ಕೊಂಡೇ ಬರ್ತೀನಿ." ಸಾಹೇಬರು ಮೊದಲು ರಾಮಾಂಜಿನಪ್ಪನಿಗೆ ಫೋನ್ ಮಾಡಿದರು. "ಸಿಕ್ಕಿದಳಪ್ಪ, ಚೆನ್ನಾಗಿದಾಳೆ" ಎಂದಷ್ಟೇ ಹೇಳಿ ಆಟೋ ಹತ್ತಿದರು. ಆಕೆ ಮುಂದೆ ಓಡಿದಳು, ಆಟೋ ಹಿಂದೆ ತೆವಳಿತು.

ಬ್ಯಾನರ್ ಹತ್ತಿರ ನೆಂದ ಅರವತ್ತಮೂರು ಜನರಲ್ಲಿ ಇಪ್ಪತ್ತು ಮಂದಿಯಾದರೂ ಕಾದಿದ್ದರು. ಹಮೀದಾ ಬೇಗಂ ಕೂಡ ಬಂದು ನಿಂತಿದ್ದರು. ಸಾಹೇಬರು ಆಟೋದಿಂದ ಧುಮುಕಿ, ಮುಂದೆ ಓಡಿ, ಓಟ ಮುಗಿಯುವ ಗೆರೆಯ ಪಕ್ಕ ನಿಂತು ಮತ್ತೆ ಅದೇ ದನಿಯಲ್ಲಿ ನಂಬರು ಕೂಗಿದರು. ಶ್ಯಾಮಲಮ್ಮ ಗೆರೆ ದಾಟಿದಳು.

ರಾಮಾಂಜಿನಪ್ಪ ಬೈಯಲಿಲ್ಲ. ಚೀಲದಿಂದ ಚಪ್ಪಲಿ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಹೆಂಡತಿಯ ಕಾಲ ಹತ್ತಿರ ಇಟ್ಟ.

"ಒಪ್ಪಿಸಿದೀನಪ್ಪ," ಎಂದರು ಸಾಹೇಬರು. ಆಮೇಲೆ ಹಮೀದಾರ ಕಡೆ ತಿರುಗಿ, ಎಲ್ಲರೂ ಕೇಳುವ ಹಾಗೆ ಹೇಳಿದರು. "ಮುಂದಿನ ವರ್ಷ ಮಳೆ ಬಂದರೆ ಓಟ ಇಲ್ಲ. ನೀನು ಹೇಳಿದ್ದೇ ಸರಿ."

ಪಟ್ಟಿ ತೆಗೆದು ಅರವತ್ತನಾಲ್ಕನೇ ಟಿಕ್ ಹಾಕಿ, ಬ್ಯಾನರ್ ಬಿಚ್ಚಲು ಯಾಸೀನನಿಗೆ ಸನ್ನೆ ಮಾಡಿದರು.